ಭೀಮಾಶಂಕರನ ಅಕ್ಷರದ ಹುಚ್ಚು

ಬದನೆಕಾಯಿ ತರಲು ಕಳಿಸಿದರೆ ಬದನೆಕಾಯಿ ಗಾಡಿಯ ಮೇಲೆ ಬರೆದ ಅಕ್ಷರಗಳ ಫೋಟೊ ತರುವ ಗಂಡನ ಜೊತೆ ಬಾಳುವುದು ಹೇಗೆಂದು ಮಹಾನಂದಾಳನ್ನೇ ಕೇಳಬೇಕು. ವಿಜಯಪುರದ ವಿಮಾ ಕಚೇರಿಯ ಗುಮಾಸ್ತ ಭೀಮಾಶಂಕರನಿಗೆ ಅಕ್ಷರದ ಹುಚ್ಚು. ಓದುವ ಹುಚ್ಚಲ್ಲ, ಬರೀ ನೋಡುವ ಹುಚ್ಚು. ಲಾರಿಯ ಬೆನ್ನು, ಹಿಟ್ಟಿನ ಗಿರಣಿಯ ಗೋಡೆ, ಸಿದ್ಧೇಶ್ವರ ಗುಡಿ ಸುತ್ತಲಿನ ಹಳೆಯ ಅಂಗಡಿಗಳ ತಗಡಿನ ಬೋರ್ಡು, ಎಲ್ಲಿ ಕುಂಚದಲ್ಲಿ ಬರೆದ ಅಕ್ಷರ ಕಂಡರೂ ಅವನ ಸ್ಕೂಟರ್ ನಿಲ್ಲಲೇಬೇಕು. ಹಿಂದೆ ಕೂತ ಮಹಾನಂದಾ ಬಿಸಿಲಲ್ಲಿ ಬೇಯಬೇಕು.

“ಅಕ್ಷರ ಉಣ್ಣಾಕ ಬರ್ತಾವೇನ್ರಿ?” ಎಂದು ಅವಳು ಕೇಳಿದರೆ, “ಆ ಳಕಾರದ ಬಾಗು ನೋಡ ಒಂದ್ಸಲ” ಎನ್ನುವನು. ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎಂದು ಅವನೂ ಅಂದುಕೊಳ್ಳುವನು, ಅವಳೂ ಅಂದುಕೊಳ್ಳುವಳು. ಕೋಣ ಯಾರು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯ.

ಅವನ ಮೈ ಉರಿಸುತ್ತಿದ್ದುದು ಫ್ಲೆಕ್ಸು. ಹುಟ್ಟಿದರೆ ಫ್ಲೆಕ್ಸು, ಸತ್ತರೆ ಫ್ಲೆಕ್ಸು, ಪಂಚಾಯ್ತಿಗೆ ನಿಂತು ಸೋತರೂ ಫ್ಲೆಕ್ಸು. ಕೈಯಿಂದ ಬರೆದ ಬೋರ್ಡುಗಳು ಒಂದೊಂದಾಗಿ ಕಣ್ಮರೆಯಾಗುತ್ತಿದ್ದವು. ಇದ್ದವನ್ನಾದರೂ ಹೊಗಳಿ ಹುರುಪು ತುಂಬಿದರೆ ಅಂಗಡಿಯವರು ಉಳಿಸಿಕೊಂಡಾರು ಎಂದು ನಂಬಿದ್ದ, ಪಾಪ.

ಹಾಗೆ ನಂಬಿಯೇ ಟಿಕೋಟಾದಲ್ಲಿ ಸಿದ್ದರಾಯನ ಕಿರಾಣಿ ಅಂಗಡಿಯ ಮುಂದೆ ನಿಂತದ್ದು. ನೀಲಿ ತಗಡು, ಹಳದಿ ಅಕ್ಷರ, ಪ್ರತಿ ಅಕ್ಷರಕ್ಕೂ ಕೆಂಪು ನೆರಳು. “ಇಂಥಾ ಬೋರ್ಡ್ ವಿಜಯಪುರದಾಗ ದೀಪ ಹಚ್ಚಿ ಹುಡುಕಿದ್ರೂ ಸಿಗೂದಿಲ್ರಿ. ಮುಂದಿನ ಐತವಾರ ನಮ್ಮ ಗೆಳ್ಯಾರನ್ನ ಕರ್ಕೊಂಡು ಬರ್ತೀನಿ” ಎಂದ. ಸಿದ್ದರಾಯ ಹಿಗ್ಗಿ ಹೀರೇಕಾಯಿಯಾದ.

ಭಾನುವಾರ ಗೆಳೆಯರೊಂದಿಗೆ ಹೋದರೆ ಅಂಗಡಿಯ ನೆತ್ತಿಯ ಮೇಲೆ ಮಿರಮಿರ ಮಿಂಚುವ ಫ್ಲೆಕ್ಸು. ಒಂದು ತುದಿಗೆ ದೇವರು, ಇನ್ನೊಂದು ತುದಿಗೆ ಕೈಮುಗಿದ ಸಿದ್ದರಾಯ. ಕೆಳಗೆ ಒಡೆದ ತೆಂಗಿನಕಾಯಿ.

“ಶಹರದಿಂದ ದೊಡ್ಡ ಮಂದಿ ನೋಡಾಕ ಬರ್ತಾರ, ಜಂಗ್ ಹಿಡಿದ ತಗಡು ತೋರ್ಸಾಕ ಆಗ್ತೈತೇನ್ರಿ? ನಿಮ್ಮ ಸಲುವಾಗೇ ಮಾಡ್ಸೀನಿ” ಎಂದ ಸಿದ್ದರಾಯ, ಎಲ್ಲರ ಕೈಗೂ ಪೇಢೆ ಕೊಡುತ್ತ.

ಹಳೆಯ ಬೋರ್ಡು ಅಂಗಡಿಯ ಹಿಂದಿನ ಆಡಿನ ಕೊಟ್ಟಿಗೆಯ ತೂತಿಗೆ ಅಡ್ಡಲಾಗಿತ್ತು, ಅಕ್ಷರಗಳ ನಡುವೆಯೇ ಮೊಳೆ ಹೊಡೆಸಿಕೊಂಡು. ಮನೆ ಮುಟ್ಟುವವರೆಗೆ ಭೀಮಾಶಂಕರ ಹಲ್ಲು ಕಡಿದ. ಬೈಯೋಣವೆಂದರೆ ಆ ಪುಣ್ಯಾತ್ಮ ಮಾಡಿದ್ದು ಮರ್ಯಾದೆಗಾಗಿ. ಬಾಯಲ್ಲಿ ಅವನದೇ ಪೇಢೆ ಬೇರೆ. ಇನ್ನು ಮೇಲೆ ಸತ್ತರೂ ಯಾವ ಅಕ್ಷರವನ್ನೂ ಹೊಗಳುವುದಿಲ್ಲವೆಂದು ಹೆಂಡತಿಯ ಎದುರು ಆಣೆ ಮಾಡಿದ. “ನನ್ನ ಅಡಗಿ ವಿಷಯದಾಗ ಆ ಆಣಿ ಯಾವಾಗ್ಲೋ ಮಾಡೀರಿ” ಎಂದಳು ಅವಳು.

ಆಣೆ ಮಾಡಿದ ಬೆನ್ನಿಗೇ ಬಬಲೇಶ್ವರದ ಒಂದು ಸಂದಿಯಲ್ಲಿ ಹಳೆಯ ಛಾಪಖಾನೆ ಕಣ್ಣಿಗೆ ಬೀಳಬೇಕೆ! ಕಾಲಿನಿಂದ ತುಳಿದು ಮುದ್ರಿಸುವ ಮಷಿನ್ನು ತುಕ್ಕು ಹಿಡಿದು ನಿಂತಿತ್ತು. ಅದರ ಪಕ್ಕದಲ್ಲಿ ಪೆಟ್ಟಿಗೆ ತುಂಬ ತೇಗದ ಅಕ್ಷರಗಳು, ನಾಟಕದ ಪೋಸ್ಟರಿಗೆಂದು ಕೆತ್ತಿದ ಅಂಗೈಯಗಲದವು. ಮಸಿ ಕುಡಿದು ಕರ್ರಗಾಗಿದ್ದವು. ಒಂದು ‘ಕ’ವನ್ನು ಕೈಗೆತ್ತಿಕೊಂಡು ಅದರ ಬಾಗಿನ ಮೇಲೆ ಬೆರಳಾಡಿಸಿದ. ಇಷ್ಟು ಚೆಂದದ ಕೆತ್ತನೆಯನ್ನು ಅವನು ಎಲ್ಲಿಯೂ ಕಂಡಿರಲಿಲ್ಲ.

“ನಮ್ಮನಿಯವ್ರು ಕೆತ್ತಿದ್ದು” ಎಂದಳು ಛಾಪಖಾನೆಯ ಒಡತಿ ಪೀರಾಂಬಿ. ಗಂಡ ಮಹಮ್ಮದ ತೀರಿಕೊಂಡ ಮೇಲೆ ಮಷಿನ್ ನಿಂತೇ ಇತ್ತು. “ನೀವು ತಿಳ್ದವ್ರು ಕಾಣ್ತೀರಿ ಸರ. ಹೆಂಗ ಅದಾವ್ರಿ?”

ನಾಲಿಗೆಯ ತುದಿಗೆ ಬಂದ ಮಾತನ್ನು ಭೀಮಾಶಂಕರ ನುಂಗಿಕೊಂಡ. ಚೆಂದ ಎಂದರೆ ಈ ತಾಯಿ ನಾಳೆಯೇ ಮರಳುಕಾಗದದಿಂದ ಉಜ್ಜಿ, ಮೇಲೆ ಬೆಳ್ಳಿ ಬಣ್ಣ ಬಳಿಸಿಬಿಟ್ಟಾಳು. ಸುಮ್ಮನಿದ್ದರೆ ಇದ್ದಂತೆ ಇರುತ್ತವೆ. ಮುಂದಿನ ವಾರ ಬಂದು ಮೆಲ್ಲಗೆ ಕೇಳಿ ಪಡೆದರಾಯಿತು.

“ಏನ್ ಭಾಳ ವಿಶೇಷ ಇಲ್ರಿ ಅಕ್ಕಾರ. ಸಾದಾ ಅದಾವು” ಎಂದ. ತನ್ನ ಜಾಣತನಕ್ಕೆ ತಾನೇ ಬೆನ್ನು ಚಪ್ಪರಿಸಿಕೊಳ್ಳುತ್ತ ಸ್ಕೂಟರ್ ಹತ್ತಿದ. ಪೀರಾಂಬಿ ಆ ‘ಕ’ವನ್ನು ಸೆರಗಿನಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟಳು.

ಮುಂದಿನ ವಾರ ಹೋದಾಗ ಪೆಟ್ಟಿಗೆ ಖಾಲಿ.

“ಬೀಗರು ಬಂದಿದ್ರು ಸರ. ಜಳಕದ ನೀರು ಕಾಸಾಕ ಒಲಿಗೆ ಹಾಕಿದೆ” ಎಂದಳು ಪೀರಾಂಬಿ, ಚಹಾದ ಬಟ್ಟಲು ಮುಂದಿಡುತ್ತ. “ತೇಗ ನೋಡ್ರಿ, ಭಾಳೊತ್ತು ಉರಿತು.”

“ಯಾಕ್ರಿ ಅಕ್ಕಾ!” ಭೀಮಾಶಂಕರ ಕೂಗಿಯೇಬಿಟ್ಟ. “ಇಷ್ಟು ವರ್ಷ ಇಟ್ಟಿದ್ರಲ್ಲ!”

“ಯಾರರ ತಿಳ್ದವ್ರು ಬಂದು ನೋಡ್ಲಿ ಅಂತ ಇಟ್ಟಿದ್ದೆ. ನೀವು ಬಂದ್ರಿ, ನೋಡಿದ್ರಿ, ಸಾದಾ ಅದಾವು ಅಂದ್ರಿ. ಇನ್ನ ಇಟ್ಟು ಏನ್ ಮಾಡೂದು?”

ಅವನಿಗೆ ಸಿದ್ದರಾಯನ ಮೇಲೆ, ಫ್ಲೆಕ್ಸಿನ ಮೇಲೆ, ಇವಳ ಮೇಲೆ, ಎಲ್ಲಕ್ಕಿಂತ ತನ್ನ ಮೇಲೆ ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ಹೇಳಿ ಈಗ ಏನೂ ಉಪಯೋಗವಿರಲಿಲ್ಲ. ಆದರೂ ಹೇಳಿದ.

“ಸುಳ್ಳ ಹೇಳಿದ್ನಿರಿ ಅಕ್ಕಾ. ಅಷ್ಟು ಛಲೋ ಅಕ್ಷರ ನಾ ಜನ್ಮದಾಗ ನೋಡಿದ್ದಿಲ್ಲ.”

ಪೀರಾಂಬಿ ಖಾಲಿ ಪೆಟ್ಟಿಗೆಯನ್ನು ಗೋಡೆಯತ್ತ ಸರಿಸಿದಳು.

“ಮತ್ತ ಅವತ್ತ ಅನಬೇಕಿತ್ತಲ್ರಿ ಸರ” ಎಂದಳು. “ಈ ಒಂದು ಮಾತು ಕೇಳಬೇಕಂತನ ಅವ್ರು ಸಾಯೂತನಕ ಕೆತ್ತಿದ್ರು.”