ಇಳಿಜಾರಿನ ಪ್ರಯಾಣಿಕರು

ನಮ್ಮ ತೋಟಕ್ಕೆ ರೈಲು ಬರುತ್ತಿತ್ತು ಎಂದರೆ ಬೀದರದ ಗೆಳೆಯರು ನಂಬುತ್ತಾರೆ. ಅದರಲ್ಲಿ ಎತ್ತುಗಳು ಪ್ರಯಾಣ ಮಾಡುತ್ತಿದ್ದವು ಎಂದರೆ ಮಾತ್ರ ಚಹದ ಬಸಿ ಕೆಳಗಿಟ್ಟು ನನ್ನ ಮುಖ ನೋಡುತ್ತಾರೆ. ಅದಕ್ಕೇ ಹಳೆಯ ದಿನಚರಿ ಮುಂದಿಟ್ಟುಕೊಂಡು ಕ್ರಮವಾಗಿ ಬರೆಯುತ್ತಿದ್ದೇನೆ.

ಭಾಲ್ಕಿ ಸ್ಟೇಷನ್ನಿನಿಂದ ನಮ್ಮ ದಿಣ್ಣೆಯ ಮೇಲಿನ ತೋಟಗಳವರೆಗೆ ಒಂದು ಸಣ್ಣ ಲೈನಿತ್ತು. ಸೀತಾಫಲ, ಪೇರಲ ಬೇಗ ಹೈದರಾಬಾದು ಮುಟ್ಟಲಿ ಎಂದು ಜಾಗೀರದಾರರು ಹಾಕಿಸಿದ್ದು. ಎಂಜಿನ್ನನ್ನೂ ತರಿಸುವುದಾಗಿ ಹೇಳಿದ್ದರಂತೆ. ಹಳಿ ಬಂತು, ಡಬ್ಬಿಗಳು ಬಂದವು, ಎಂಜಿನ್ ಬರಲೇ ಇಲ್ಲ. ಅದರ ಕೆಲಸ ನನ್ನ ಅಜ್ಜನ ಜೋಡೆತ್ತುಗಳ ಪಾಲಿಗೆ ಬಂತು.

ತೋಟದಿಂದ ಸ್ಟೇಷನ್ನಿಗೆ ಪೂರ್ತಿ ಇಳಿಜಾರು. ತುಂಬಿದ ಡಬ್ಬಿಗಳು ತಾವೇ ಉರುಳುತ್ತಿದ್ದವು; ಅಜ್ಜ ಮುಂದಿನ ಡಬ್ಬಿಯಲ್ಲಿ ನಿಂತು ಬ್ರೇಕು ಹಿಡಿದರೆ ಸಾಕು. ಎತ್ತುಗಳು ಬೇಕಾಗುತ್ತಿದ್ದದ್ದು ಖಾಲಿ ಡಬ್ಬಿಗಳನ್ನು ಮೇಲಕ್ಕೆ ಎಳೆಯುವಾಗ. ಹಾಗಾಗಿ ಕೆಳಗೆ ಹೋಗುವಾಗ ಅವೂ ಕೊನೆಯ ಡಬ್ಬಿಯಲ್ಲಿ ಹೋಗುತ್ತಿದ್ದವು. ಹಲಗೆ ಇಟ್ಟೊಡನೆ ತಾವಾಗಿ ಹತ್ತಿ, ಮುಖ ಹೊರಗೆ ಹಾಕಿ, ಗಾಳಿಗೆ ಕಣ್ಣು ಅರೆ ಮುಚ್ಚಿ ನಿಲ್ಲುತ್ತಿದ್ದವು.

ನನ್ನ ಅಜ್ಜಿ ಔರಾದದವಳು. "ನಮ್ಮ ಊರಾಗ ಎತ್ತು ಬಂಡಿ ಎಳೀತಾವ. ಇಲ್ಲಿ ಬಂಡೀನ ಎತ್ತುಗಳ್ನ ಹೊತ್ಕೊಂಡು ಹೋಗ್ತದ," ಎಂದು ಲೈನು ಹಾಕಿದಾಗಿನಿಂದ ನಗುತ್ತಿದ್ದಳು.

ನನ್ನ ದಿನಚರಿಯಲ್ಲಿ ಹವೆ, ಬುಟ್ಟಿ, ಹೊರಟ ಹೊತ್ತು, ಪ್ರಯಾಣಿಕರು ಎಂದು ನಾಲ್ಕು ಮನೆಗಳಿದ್ದವು. ಪ್ರಯಾಣಿಕರ ಮನೆಯಲ್ಲಿ ಎತ್ತುಗಳನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿ, ಕೊನೆಗೆ ನನಗಿಂತ ಮೊದಲೇ ಬರೆದೆ. ಅವು ದಿನವೂ ಹೋಗುತ್ತಿದ್ದವು. ನಾನು ಬೀದರದ ಶಾಲೆಗೆ ರಜೆ ಇದ್ದಾಗ ಮಾತ್ರ.

ನಿಜಾಮರ ಮೇಲಿನ ಪೊಲೀಸ್ ಕಾರ್ಯಾಚರಣೆಯ ಮರುವರ್ಷ ಜಾಗೀರುಗಳು ಹೋದವು, ಲೈನು ಸರ್ಕಾರದ್ದಾಯಿತು. ಸೀತಾಫಲದ ಹಂಗಾಮಿನಲ್ಲಿ ಧಾರವಾಡದ ಕಡೆಯ ಸಾಹೇಬರೊಬ್ಬರು ಜೀಪಿನಲ್ಲಿ ತೋಟಕ್ಕೆ ಬಂದರು. ಲೈನು ಇಡಬೇಕೋ ಕೀಳಬೇಕೋ ಎಂದು ಅವರು ವರದಿ ಬರೆಯಬೇಕಿತ್ತು. ಲೈನು ಹೋದರೆ ಅಜ್ಜ ಎತ್ತುಗಳನ್ನು ಮಾರಲೇಬೇಕು. ವಯಸ್ಸಾದ ಜೋಡಿಯನ್ನು ಯಾರೂ ಒಟ್ಟಿಗೆ ಕೊಳ್ಳುವುದಿಲ್ಲ, ಅಗಲಿಸುತ್ತಾರೆ ಎಂಬುದೇ ಅವನ ಸಂಕಟ. ಆ ಬೆಳಿಗ್ಗೆ ಎತ್ತುಗಳ ಕೋಡಿಗೆಲ್ಲ ಎಣ್ಣೆ ಹಚ್ಚಿದ್ದ. ತನ್ನ ತಲೆಗೆ ಮರೆತಿದ್ದ.

ಸಾಹೇಬರು ಕೊನೆಯ ಡಬ್ಬಿಯ ಮುಂದೆ ನಿಂತರು. "ಇದರಾಗ ಏನು ಹೋಗ್ತದ?"

"ಎತ್ತು ರಿ," ಎಂದ ಅಜ್ಜ.

"ಎತ್ತು ಗಾಡಿ ಎಳೀಬೇಕಲ್ಲೋ ಅಜ್ಜಾ?"

"ಏರಿಗಿ ಎಳೀತಾವ್ರಿ. ಇಳಿಕಿಗಿ ಕುಂತು ಬರ್ತಾವ್ರಿ."

"ಇವಕ್ಕ ಟಿಕೀಟು?"

ಸಾಹೇಬರ ಮಾತಿಗೆ ಎಲ್ಲರೂ ನಕ್ಕರು. ಅವರೂ ನಗುತ್ತಲೇ ಹುಕುಂ ಮಾಡಿದರು: ಇವತ್ತು ಆ ಡಬ್ಬಿಯಲ್ಲೂ ಬುಟ್ಟಿ ತುಂಬಬೇಕು, ಎತ್ತುಗಳು ನಡೆದು ಬರಬೇಕು.

"ನಡಿಯಂಗಿಲ್ರಿ, ಸಾಹೇಬ್ರ."

"ನಾಕು ಕಾಲ ಕೊಟ್ಟಾನ ದೇವರು. ನಡೀತಾವ."

ಎತ್ತುಗಳ ಹಗ್ಗವನ್ನು ಅಜ್ಜಿಯ ಕೈಗೆ ಕೊಟ್ಟು, ಸಾಹೇಬರನ್ನೂ ಡಬ್ಬಿಗೆ ಹತ್ತಿಸಿಕೊಂಡು ನಾವು ಹೊರಟೆವು. ಭಾಲ್ಕಿಯಲ್ಲಿ ಹೈದರಾಬಾದಿನ ಗಾಡಿ ಸಿಕ್ಕಿತು. ಸಾಹೇಬರು ತಾವೇ ನಾಲ್ಕಾರು ಬುಟ್ಟಿ ಬಿಚ್ಚಿಸಿ ನೋಡಿದರು. ಒಂದು ಹಣ್ಣೂ ಒಡೆದಿರಲಿಲ್ಲ. ಖುಷಿಯಾದರು. ಆಮೇಲೆ ಬೇವಿನ ಮರದ ಕೆಳಗೆ ಎತ್ತುಗಳ ದಾರಿ ಕಾಯುತ್ತ ಕುಳಿತೆವು. ನೆರಳು ಮರದ ಬುಡಕ್ಕೆ ಬಂತು, ಎತ್ತುಗಳು ಬರಲಿಲ್ಲ. ಸಾಹೇಬರ ಜೀಪು, ಅವರ ಊಟದ ಡಬ್ಬಿ, ಎರಡೂ ಮೇಲೆ ತೋಟದಲ್ಲಿದ್ದವು.

"ಈಗ ಹ್ಯಾಂಗ ಅಜ್ಜಾ?"

"ಎರಡ ಕಾಲ ಕೊಟ್ಟಾನಲ್ರಿ," ಎಂದ ಅಜ್ಜ, ಬಹಳ ವಿನಯದಿಂದ.

ಏರು ಹತ್ತಿ ತೋಟ ಸೇರುವಷ್ಟರಲ್ಲಿ ಸಾಹೇಬರ ಬೂಟು ಅವರ ಕೈಗೆ ಬಂದಿತ್ತು. ಎತ್ತುಗಳು ಬೆಳಿಗ್ಗೆ ಡಬ್ಬಿ ನಿಂತಿದ್ದ ಜಾಗದಲ್ಲೇ, ಹಲಗೆಯ ಮೇಲೆ ಮುಂಗಾಲಿಟ್ಟು, ಮೆಲುಕು ಹಾಕುತ್ತ ನಿಂತಿದ್ದವು. ಪಕ್ಕದಲ್ಲಿ ಅಜ್ಜಿ ಪೇರಲ ಕಚ್ಚುತ್ತ ಕುಳಿತಿದ್ದಳು.

"ಜಗ್ಗಿದ್ನಿ, ಬೈದ್ನಿ, ಕೈಕಾಲ ಬಿದ್ನಿ. ಗಾಡಿ ಬಂದಿಲ್ಲಂತ ಕಾಯಕತ್ತಾವ್ರಿ," ಎಂದಳು.

ನಗಲು ಪುರುಸೊತ್ತಿರಲಿಲ್ಲ. ಮರುದಿನಕ್ಕೆಂದು ಕೊಯ್ದ ಸೀತಾಫಲ ಆಗಲೇ ರಾಶಿ ಬಿದ್ದಿತ್ತು; ಒಂದು ದಿನ ತಡವಾದರೆ ಬುಟ್ಟಿಯಲ್ಲೇ ಬಿರಿಯುತ್ತದೆ. ಖಾಲಿ ಡಬ್ಬಿಗಳೆಲ್ಲ ಕೆಳಗೆ, ಎಳೆಯುವ ಎತ್ತುಗಳು ಮೇಲೆ. ಕೊನೆಗೆ ತೋಟದವರೆಲ್ಲ ಇಳಿದು ಹೋಗಿ, ಎತ್ತುಗಳ ಆ ಒಂದು ಡಬ್ಬಿಯನ್ನು ಏರಿಗೆ ನೂಕಿಕೊಂಡು ಬಂದೆವು. ಕೊನೆಯ ತಿರುವಿನಲ್ಲಿ ಸಾಹೇಬರೂ ಹೆಗಲು ಕೊಟ್ಟರು. ಹಲಗೆ ಇಟ್ಟೆವು. ಎತ್ತುಗಳು ಹತ್ತಿದವು, ಎಂದಿನಂತೆ ಮುಖ ಹೊರಗೆ ಹಾಕಿದವು, ಅಜ್ಜನೊಡನೆ ಇಳಿದು ಹೋದವು. ಸಂಜೆಯೊಳಗೆ ಉಳಿದ ಡಬ್ಬಿಗಳನ್ನೆಲ್ಲ ಎಳೆದು ತಂದವು.

"ಎತ್ತಿನ ಸಲುವಾಗಿ ಮನುಷ್ಯಾರು ಗಾಡಿ ನೂಕೂದು ಇಲ್ಲೇ ನೋಡಿದೆ," ಎಂದರು ಸಾಹೇಬರು, ಬೆವರು ಒರೆಸಿಕೊಳ್ಳುತ್ತ.

"ನೀವೂ ನೂಕಿದ್ದು ವರದ್ಯಾಗ ಬರೀಬ್ಯಾಡ್ರಿ ಮತ್ತ," ಎಂದಳು ಅಜ್ಜಿ.

"ನಾ ಬರೀದಿದ್ರೇನು? ನಿಮ್ಮ ಮೊಮ್ಮಗ ಬರಕೊಳ್ಳಾಕತ್ತಾನಲ್ಲ!"

ಬರೆದುಕೊಳ್ಳುತ್ತಿದ್ದದ್ದು ನಿಜ. ಜೀಪು ಹತ್ತುವಾಗ ಅವರು ಅಜ್ಜನಿಗೆ ಇಷ್ಟೇ ಹೇಳಿದರು: "ಹಣ್ಣು ಛಲೋ ಮುಟ್ಟತಾವ. ಲೈನು ಇರಲಿ ಅಂತ ಬರೀತೇನಿ. ಕೊನೀ ಡಬ್ಬಿಯೊಳಗ ಕೈ ಹಾಕೂದಿಲ್ಲ." ಅಜ್ಜ ಆಗ ತಲೆ ಮುಟ್ಟಿ ನೋಡಿಕೊಂಡು, ಎಣ್ಣೆ ಕೇಳಿದ.

ಲೈನು ಇನ್ನೂ ಕೆಲವು ಹಂಗಾಮು ನಡೆಯಿತು. ಆಮೇಲೆ ಸಡಕು ಬಂತು, ಲಾರಿ ಬಂತು, ಹಳಿ ಕಿತ್ತರು. ಅಷ್ಟರಲ್ಲಿ ಎತ್ತುಗಳಿಗೆ ಕೆಲಸದ ವಯಸ್ಸು ಮುಗಿದಿತ್ತು. ಅಜ್ಜ ಲಾರಿಗೆ ಬುಟ್ಟಿ ತುಂಬಿಸುವ ಕೆಲಸ ಹಿಡಿದು ಎರಡನ್ನೂ ಒಂದೇ ಗೂಟಕ್ಕೆ ಕಟ್ಟಿ ಸಾಕಿದ. ಲಾರಿ ಮೊದಲ ಸಲ ಬಂದ ದಿನ ಅವು ಕಣ್ಣಿ ಕಿತ್ತುಕೊಂಡು ಹೋಗಿ ಅದರ ಹಿಂದೆ ನಿಂತವು. ಬೀದರದ ತರುಣ ಡ್ರೈವರ್ ಅವನ್ನು ನೋಡಿ, ಹಿಂದಿನ ಬಾಗಿಲ ಪಟ್ಟಿ ಇಳಿಸಿ, "ಆವೋ ಜೀ, ಬೈಠೋ," ಎಂದು ತಾನೇ ಹಲಗೆ ಇಟ್ಟ.

ಭಾಲ್ಕಿಯವರೆಗೆ ಹೋದವು. ಏರನ್ನು ಅಜ್ಜನ ಜೊತೆ ನಡೆದೇ ಬಂದವು. ಅದಕ್ಕೆ ಅವು ಎಂದೂ ತಕರಾರು ಮಾಡಿದ್ದಿಲ್ಲ.