ದಂತದ ಬಿಲ್ಲೆಯ ಮೇಲಿನ ವೀಬ್ಕೆ

ಗೇಸೀನೆಗೆ ಪೊಗರು ಜಾಸ್ತಿ ಎಂದು ಅರಮನೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಅಂಗೈಯಲ್ಲಿ ಅಡಗುವಷ್ಟು ಸಣ್ಣ ಆನೆದಂತದ ಬಿಲ್ಲೆಯ ಮೇಲೆ ನಮ್ಮ ಡ್ಯೂಕರ ಮನೆಯವರ ಮುಖ ಬರೆಯುವುದು ಅವಳ ಕೆಲಸ. ಕುಂಚವನ್ನು ನಾಲಗೆಗೆ ತಾಗಿಸಿ ಮೊನೆ ಮಾಡಿಕೊಂಡು, ಚುಕ್ಕೆಯ ಪಕ್ಕ ಚುಕ್ಕೆ ಇಟ್ಟು ಕೆನ್ನೆ ಮೂಡಿಸುತ್ತಿದ್ದಳು. ದಂತ ಬಣ್ಣವನ್ನು ಕುಡಿಯುವುದಿಲ್ಲ, ಬಣ್ಣ ಮೇಲೆಯೇ ಕೂತಿರುತ್ತದೆ. ಹಾಗಾಗಿ ಅವಳ ಮೇಜಿನ ಹತ್ತಿರ ಯಾರಾದರೂ ಸೀನಿದರೆ ಗ್ರಹಚಾರ ಬಿಡಿಸುತ್ತಿದ್ದಳು. ಅರಮನೆಯ ಉಡುಪು ನೋಡಿಕೊಳ್ಳುವ ನಾನೂ ಬೈಸಿಕೊಂಡವಳೇ.

ರಾಜಕುಮಾರಿ ಆಡೆಲ್‌ಗುಂಡೆಗೆ ವರ ನೋಡುವಾಗ ಚಿತ್ರ ಬೇಕಾಯಿತು. ಆಕೆ ಒಂದೇ ಒಂದು ಬೆಳಿಗ್ಗೆ ಕೂತಳು. ಸೊಟ್ಟಗೆ ಬಂದ ಕಿವಿಯನ್ನು ಗೇಸೀನೆ ಒದ್ದೆ ಬೆರಳಿನಿಂದ ಒರೆಸಿದಾಗ, "ಅಯ್ಯೋ, ನನ್ನ ಕಿವಿ ತಿಂದ್ಬಿಟ್ಯಲ್ಲೇ!" ಎಂದು ನಕ್ಕು ಎದ್ದುಹೋದಳು. ಮತ್ತೆ ಬರಲಿಲ್ಲ. ಆಕೆಯ ನೀಲಿ ರೇಷ್ಮೆಯನ್ನು ಗೇಸೀನೆಯ ಮಗಳು ವೀಬ್ಕೆಗೆ ತೊಡಿಸಿ ಕೂರಿಸಿದೆವು. ಅದು ರೂಢಿಯೇ. ರಾಜಕುಮಾರಿಯ ಮುಖದ ಸಿಡುಬಿನ ಕಲೆ ಬರೆಯದಿರುವುದೂ ರೂಢಿಯೇ. ಆದರೆ ಕಲೆ ಬಿಟ್ಟ ಜಾಗಕ್ಕೆ ಕೆನ್ನೆ ಬೇಕಲ್ಲ? ಎದುರಿಗಿದ್ದ ಕೆನ್ನೆ ಬಂತು, ಅದರ ಹಿಂದೆಯೇ ತುಟಿ, ಕಣ್ಣು.

"ಏನೇ ಇದು, ನಿನ್ನ ಮಗಳಿಗೇ ಗಂಡು ನೋಡ್ತಿದ್ದೀಯಾ?" ಅಂದೆ.

"ಸುಮ್ನಿರೇ ತ್ರೀನೆ. ಮೂಗು ಅವರದೇ ಇದೆಯಲ್ಲ, ಸಾಕು."

ವರ ಚಿತ್ರಕ್ಕೆ ಮರುಳಾದ, ಮದುವೆಯೂ ಆಯಿತು. ಆ ಚಳಿಗಾಲದಲ್ಲೇ ವೀಬ್ಕೆ ಗಂಟಲು ಕಟ್ಟುವ ಜ್ವರ ಬಂದು ಸತ್ತಳು. ಊರಿಗೆಲ್ಲ ಮುಖ ಬರೆದವಳು ಮಗಳದ್ದೊಂದನ್ನೂ ಬರೆದಿಟ್ಟುಕೊಂಡಿರಲಿಲ್ಲ. ನೆನಪಿನಿಂದ ಬರೆಯಹೋದರೆ, ಪಳಗಿದ ಕೈ ಡ್ಯೂಕರ ಮನೆಯ ಮೂಗನ್ನೇ ಬರೆಯುತ್ತಿತ್ತು.

ಈಸ್ಟರ್ ಹಬ್ಬಕ್ಕೆ ಆಡೆಲ್‌ಗುಂಡೆ ಗಂಡನೊಂದಿಗೆ ತವರಿಗೆ ಬಂದಳು. ಊಟದ ಮೇಜಿನಲ್ಲಿ ಅವನು ಆ ಚಿತ್ರವನ್ನು ಎತ್ತಿ ಹಿಡಿದು, "ಇವಳನ್ನ ಯಾವಾಗ ಕಳಿಸ್ತೀರಿ ಮಾವ?" ಎಂದ. ಮೇಜೆಲ್ಲ ನಕ್ಕಿತು. ಆಕೆಯೂ ನಕ್ಕಳು.

ಮರುದಿನ ಗೇಸೀನೆ ನನ್ನನ್ನು ಜೊತೆಗೆ ಕರೆದುಕೊಂಡು ಆಕೆಯ ಕೋಣೆಗೆ ಹೋದಳು. ಬೇಡ ಎಂದರೂ ಕೇಳಲಿಲ್ಲ.

"ದೊರೆಸಾನಿ, ಅದು ನನ್ನ ಮಗಳು. ತೀರ್ಕೊಂಡ್ಲು. ನಿಮ್ಮದು ಬೇರೆ ಬರ್ಕೊಡ್ತೀನಿ. ಇದೊಂದು ನನಗೆ ಕೊಟ್ಬಿಡಿ."

ಆಡೆಲ್‌ಗುಂಡೆ ಗಂಡನ ಪೆಟ್ಟಿಗೆಯಿಂದ ಚಿತ್ರ ತೆಗೆದು ಗೇಸೀನೆಯ ಕೈಗಿಟ್ಟಳು. "ಚಿನ್ನದ ಕಟ್ಟು ನಂದು. ಚಿತ್ರ ನೀನೇ ತಗೊಂಡ್ಹೋಗು. ಆದ್ರೆ ಗಾಜು ನೀನೇ ಬಿಚ್ಚು, ನನ್ನ ಕೈಲಿ ಒಡೆದುಹೋದೀತು."

ಗೇಸೀನೆ ಆಕೆಯ ಲಂಗದ ಅಂಚಿಗೆ ಮುತ್ತಿಟ್ಟಳು. ಗಾಜಿನ ಸುತ್ತ ತಾನೇ ಅಂಟಿಸಿದ್ದ ತೊಗಲಿನ ಪಟ್ಟಿಯನ್ನು ಉಗುರಿನಿಂದ ಬಿಡಿಸಿ, ಗಾಜು ಎತ್ತಿಟ್ಟಳು.

"ಕೊಡು, ಕೊನೇ ಸಲ ನೋಡ್ತೀನಿ." ಕೊಟ್ಟಳು. "ಚೆನ್ನಾಗಿದ್ಲು ಕಣೆ ನಿನ್ನ ಮಗಳು," ಎಂದ ಆಡೆಲ್‌ಗುಂಡೆ ಹೆಬ್ಬೆರಳನ್ನು ನಾಲಗೆಗೆ ಒತ್ತಿ, ಹಣೆಯಿಂದ ಗಲ್ಲದವರೆಗೆ ನಿಧಾನವಾಗಿ ಒರೆಸಿದಳು. "ತಗೋ. ನನ್ನ ಮೂಗೂ ಉಳೀಲಿಲ್ಲ ನೋಡು."

ಆ ಹೆಬ್ಬೆರಳು ಕೊಳೆತು ಬೀಳಲಿ ಎಂದು ಇವತ್ತಿಗೂ ಶಪಿಸುತ್ತೇನೆ. ಅವತ್ತು ಮಾತ್ರ ತಲೆ ಬಾಗಿಸಿ ಹಿಂದಕ್ಕೆ ಸರಿದು ಬಂದೆ.

ದಾರಿಯಲ್ಲಿ, "ಅತ್ತುಬಿಡೇ," ಅಂದೆ. ಗೇಸೀನೆ ಅಳಲಿಲ್ಲ. ಬಿಲ್ಲೆಯನ್ನು ಮುಖದಿಂದ ದೂರ ಚಾಚಿ ಹಿಡಿದು ನಡೆಯುತ್ತಿದ್ದಳು. ಅದರಲ್ಲಿ ನೀಲಿ ರೇಷ್ಮೆಯ ಭುಜ ಇನ್ನೂ ಉಳಿದಿತ್ತು. ಆ ಭುಜ ವೀಬ್ಕೆಯದು. ಒಂದು ಹನಿ ಕಣ್ಣೀರು ಬಿದ್ದಿದ್ದರೆ ಅದೂ ಹೋಗುತ್ತಿತ್ತು.