ಆಷಾಢ ಬಿಟ್ಟು ಬರೆಸಿದ ಕರಾರು

ಗುಬ್ಬಿಯಲ್ಲಿ ನನ್ನದೊಂದು ಶಾಮಿಯಾನದ ಅಂಗಡಿ ಇದೆ. ಎರಡು ಕೊಳಗ, ಒಂದು ಹಂಡೆ ಬಾಡಿಗೆಗೆ ಕೊಡುವುದರಿಂದ ಶುರು ಮಾಡಿದವಳು ನಾನು. ಇವತ್ತು ಎಂಥ ಮಳೆಗೂ ಸೋರದ ತಗಡಿನ ಚಪ್ಪರವನ್ನೇ ಇಟ್ಟುಕೊಂಡಿದ್ದೇನೆ. ಯಾರ ಆಸರೆಯೂ ಇಲ್ಲದೆ ಮೇಲೆ ಬಂದವರಿಗೆ ಒಂದು ಚಟ ಅಂಟಿರುತ್ತದೆ, ಕೇಳದವರಿಗೂ ಬುದ್ಧಿ ಹೇಳುವುದು. ಆ ಚಟದಿಂದ ಒಮ್ಮೆ ಕೈ ಸುಟ್ಟುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಓದಿ, ನಗಿ, ಆದರೆ ಬುದ್ಧಿಯನ್ನೂ ಕಲಿಯಿರಿ.

ನನ್ನ ಮಗಳು ತುಮಕೂರಿನ ಮರಳೂರಿನಲ್ಲಿ ಒಂದು ಶಾಲೆಯ ಪಿ.ಟಿ. ಟೀಚರ್. ಹುಡುಗಿಯರ ಕಬಡ್ಡಿ ತಂಡ ಕಟ್ಟಿದ್ದಾಳೆ. ಮಳೆ ಹಿಡಿದರೆ ಶಾಲೆಯ ಮೈದಾನ ಕೆಸರುಗದ್ದೆ. ತಾಲ್ಲೂಕು ಮಟ್ಟದ ಪಂದ್ಯ ನಡೆಯುವುದು ಮಾತ್ರ ಮ್ಯಾಟ್ ಮೇಲೆ. ಮೂರು ವಾರ ಅಭ್ಯಾಸವಿಲ್ಲದೆ ಹೋದ ಅವಳ ಹುಡುಗಿಯರು ಮ್ಯಾಟ್ ಮೇಲೆ ಹೊಸ ಸೊಸೆಯರ ಹಾಗೆ ನಿಂತು, ಸೋತು, ಬಸ್ಸಿನಲ್ಲಿ ಅಳುತ್ತಾ ವಾಪಸ್ಸು ಬಂದಿದ್ದರು. ಅವತ್ತಿನಿಂದ ನನ್ನ ಮಗಳಿಗೆ ಒಂದೇ ಜಪ: ತಲೆ ಮೇಲೆ ಒಂದು ಸೂರು.

ಅಷ್ಟರಲ್ಲಿ ಬಟವಾಡಿ ಆಚೆ ಒಂದು ಒಳಾಂಗಣ ಕ್ರೀಡಾಂಗಣ ಬರುತ್ತದೆಂಬ ಸುದ್ದಿ ಹಬ್ಬಿತು. ಟಿಕೆಟ್ ಇಟ್ಟು ಆಡುವ ಕಬಡ್ಡಿ ತಂಡವೊಂದಕ್ಕೆ ಅದು ಮನೆಯಾಗುವುದಂತೆ. ಕಟ್ಟುವುದು ಊರಿನ ದುಡ್ಡಿನಲ್ಲಿ. ಜನರ ಅಭಿಪ್ರಾಯ ಕೇಳಲು ಸಭೆ ಕರೆದರು. ಅಭಿಪ್ರಾಯ ಕೇಳುತ್ತಾರೆಂದರೆ ನಾನು ಮನೆಯಲ್ಲಿ ಕೂರುವವಳೇ? ಬೆಳಗಿನ ಬಸ್ಸಿಗೇ ಹೊರಟೆ.

ತಂಡದ ಮ್ಯಾನೇಜರ್ ಇಸ್ತ್ರಿ ಮಾಡಿದ ಟೀ ಶರ್ಟ್ ಹಾಕಿಕೊಂಡು ನಗುನಗುತ್ತಾ ನಿಂತಿದ್ದ. "ತಂಡ ಬಂದ್ರೆ ಊರಿಗೆ ಹೆಸರು ಬರುತ್ತಮ್ಮ," ಎಂದ.

"ನನ್ನ ಚಪ್ಪರದಡೀಲಿ ಮದ್ವೆ ಆದೋರ್ಗೂ ಹೆಸ್ರು ಬಂದೈತೆ ಕಣಪ್ಪ," ಎಂದೆ. "ಆದ್ರೂ ಬಾಡಿಗೆ ಕೊಟ್ಟೇ ಹೋದ್ರು. ಟಿಕೆಟ್ ದುಡ್ಡು ನಿಂದು, ಸಿಮೆಂಟ್ ದುಡ್ಡು ನಮ್ದು. ಇದ್ಯಾವ ಸೀಮೆ ವ್ಯಾಪಾರ?"

ಸಭೆ ಗೊಳ್ಳೆಂದಿತು. ಪಕ್ಕದಲ್ಲಿದ್ದ ಮಗಳು ಮಾತ್ರ ನನ್ನ ಸೆರಗು ಜಗ್ಗಿ, "ಅಮ್ಮಾ, ಕಟ್ಟೋದೇ ಬೇಡ ಅಂದ್ಬಿಡ್ಬೇಡ. ನನ್ ಹುಡ್ಗೀರಿಗೆ ಎಲ್ಲಾದ್ರೂ ಜಾಗ ಬೇಕು ಕಣಮ್ಮ," ಎಂದು ಪಿಸುಗುಟ್ಟಿದಳು. ಅಷ್ಟು ಹೇಳಿ ಮಧ್ಯಾಹ್ನದ ಪೀರಿಯಡ್ಡಿಗೆ ಓಡಿದಳು. ಅವಳು ಓಡಬಾರದಿತ್ತು.

ಸರಿ, ಬೇಡ ಅನ್ನುವುದು ಬಿಟ್ಟು ಚೌಕಾಸಿಗೆ ಇಳಿದೆ. ನಮ್ಮ ಕಡೆ ಛತ್ರ ಕಟ್ಟುವಾಗ ಯಾರು ದೊಡ್ಡ ಮೊತ್ತ ಕೊಡುತ್ತಾರೋ ಅವರಿಗೆ ವರ್ಷಕ್ಕೆ ಇಷ್ಟು ದಿನ ಪುಕ್ಕಟೆ ಎಂದು ಬರೆದುಕೊಡುವ ಪದ್ಧತಿ ಇದೆ. "ಊರು ದುಡ್ಡು ಹಾಕಿದ್ರೆ ಊರೇ ದಾನಿ," ಎಂದೆ. "ದಾನಿಗೆ ದಿನ ಬರ್ಕೊಡಿ. ಸ್ಕೂಲ್ ಮಕ್ಳು ಆಡ್ಲಿ." ಇದು ಎಲ್ಲರಿಗೂ ಒಪ್ಪಿಗೆಯಾಯಿತು. ವರ್ಷಕ್ಕೆ ನಲವತ್ತು ದಿನ ಶಾಲೆಗಳಿಗೆ ಎಂದು ತೀರ್ಮಾನವಾಯಿತು. ಅಲ್ಲಿಗೇ ನಿಲ್ಲಿಸಿ ಮನೆಗೆ ಬಂದಿದ್ದರೆ ನಾನು ಜಾಣೆ.

ನನ್ನ ತಲೆಯಲ್ಲಿ ಕುಣಿಗಲ್ಲು ಕೂತಿತ್ತು. ವ್ಯಾಪಾರದ ಹೊಸತರಲ್ಲಿ ಅಲ್ಲಿನ ಒಂದು ಛತ್ರಕ್ಕೆ ತಗಡಿನ ಮಾಡು ಹಾಕಿಸಿಕೊಟ್ಟಿದ್ದೆ. ಅದಕ್ಕೆ ಪ್ರತಿಯಾಗಿ ವರ್ಷಕ್ಕೆ ಐದು ದಿನ ನನಗೆ ಎಂದು ಬರೆದುಕೊಟ್ಟಿದ್ದರು. ಆ ಐದು ದಿನಗಳಲ್ಲಿ ಮದುವೆ ಒಪ್ಪಿಕೊಂಡು ನಾಲ್ಕು ಕಾಸು ನೋಡಬಹುದು ಎಂದು ಕುಣಿದಾಡಿದ್ದೆ. ಆಮೇಲೆ ನೋಡಿದರೆ ಐದಕ್ಕೆ ಐದೂ ಆಷಾಢದಲ್ಲಿ! ಆ ತಿಂಗಳು ಯಾರು ಮದುವೆ ಮಾಡುತ್ತಾರೆ? ಐದು ದಿನವೂ ಛತ್ರದಲ್ಲಿ ಪಾರಿವಾಳಗಳು ಓಡಾಡಿಕೊಂಡಿದ್ದವು. ಅವತ್ತೇ ಶಪಥ ಮಾಡಿದ್ದೆ, ಯಾವ ಕರಾರಿನಲ್ಲೂ ಮೊದಲು ಆಷಾಢಕ್ಕೆ ಗೆರೆ ಎಳೆಯಬೇಕು ಎಂದು.

ಬೆರಳೆತ್ತಿ ಹೇಳಿದೆ: "ಇನ್ನೊಂದು ಮಾತು. ಆಷಾಢ ಬಿಟ್ಟು."

ಮ್ಯಾನೇಜರ್ ಕಣ್ಣು ಪಿಳುಕಿಸಿದ. "ಆಷಾಢ ಬೇಡ್ವಾ?"

"ಬೇಡ."

"ಒಂದು ದಿನಾನೂ?"

"ಒಂದೇ ಒಂದು ದಿನ ತುರುಕಿದ್ರೂ ನಾನು ಒಪ್ಪಲ್ಲ. ನಂಗೆ ಇವೆಲ್ಲ ಗೊತ್ತು ಕಣಪ್ಪ."

ಅವನು ಪೆನ್ನು ತೆಗೆದು ಗುರುತು ಹಾಕಿಕೊಂಡ ವೇಗ ನೋಡಬೇಕಿತ್ತು. ನೀವು ವ್ಯಾಪಾರಸ್ಥರಾಗಿದ್ದರೆ ಇದೊಂದು ನೆನಪಿಡಿ: ಎದುರಿನವನು ನಿಮ್ಮ ಮಾತನ್ನು ಅಷ್ಟು ಖುಷಿಯಾಗಿ ಬರೆದುಕೊಂಡರೆ ಅಲ್ಲೇ ತಡೆಯಿರಿ. ನಾನು ತಡೆಯಲಿಲ್ಲ. ಗೆದ್ದೆ ಎಂದುಕೊಂಡು ತಟ್ಟೆ ಇಡ್ಲಿ ತಿಂದು ಬಸ್ಸು ಹತ್ತಿದೆ.

ಎರಡು ವರ್ಷಕ್ಕೆ ಕಟ್ಟಡ ಎದ್ದು ನಿಂತಿತು. ಮೊದಲ ಆಷಾಢಕ್ಕೆ ಸೋನೆ ಹಿಡಿಯಿತು. ಹಿಂದೆಯೇ ಮಗಳ ಫೋನು.

"ಅಮ್ಮಾ, ಆಷಾಢದಲ್ಲಿ ಸ್ಕೂಲ್ ಮಕ್ಳಿಗೆ ಹಾಲ್ ಇಲ್ಲ ಅಂತ ಬರ್ಸಿದ್ಯಾರು?"

"ನಾನೇ ಕಣೇ. ಏನು, ಮೋಸ ಮಾಡಿದ್ರಾ?"

"ಮೈದಾನ ಕೆಸರಾಗೋದೇ ಈಗ. ಪಂದ್ಯ ಬರೋದು ಇದು ಮುಗಿದ್ಮೇಲೆ. ನಂಗೆ ಬೇಕಾಗಿದ್ದೇ ಈ ತಿಂಗಳು! ನಾನು ಹುಡ್ಗೀರಿಗೆ ಕಬಡ್ಡಿ ಹೇಳ್ಕೊಡ್ತಿದೀನಮ್ಮ, ಮದ್ವೆ ಮಾಡಿಸ್ತಿಲ್ಲ!"

ಫೋನು ಇಟ್ಟವಳೇ ಆಷಾಢ ಮುಗಿಯಲು ಇನ್ನೆಷ್ಟು ದಿನ ಎಂದು ಕ್ಯಾಲೆಂಡರಿನಲ್ಲಿ ಎಣಿಸಿದೆ.

ಮಾರನೆಯ ದಿನವೇ ಮ್ಯಾನೇಜರ್ ಎದುರು ಕೂತೆ. ಆ ತಿಂಗಳು ಪೂರ್ತಿ ಅವರ ತಂಡದ ತರಬೇತಿ ಶಿಬಿರ, ಆಟಗಾರರೆಲ್ಲ ಬಂದಾಗಿತ್ತು. "ನೀವೇ ಬೇಡ ಅಂದ್ರಲ್ಲಮ್ಮ," ಎಂದ.

"ಬುದ್ಧಿ ಇಲ್ದೆ ಅಂದೆ."

"ಅದನ್ನೂ ಕರಾರಿನಲ್ಲಿ ಬರ್ಸಿದ್ರೆ ಚೆನ್ನಾಗಿತ್ತು."

ಪಾಪಿ, ಚೆನ್ನಾಗಿಯೇ ಮಾತಾಡಿದ. ಆದರೆ ಬರಿಗೈಯಲ್ಲಿ ಎದ್ದು ಬಂದು ನನಗೆ ಅಭ್ಯಾಸವಿಲ್ಲ. ಮೂಲೆಯಲ್ಲಿ ಸುತ್ತಿಟ್ಟಿದ್ದ ಹಳೆಯ ಮ್ಯಾಟ್ ಕಣ್ಣಿಗೆ ಬಿತ್ತು. ಎರಡು ಲೋಟ ಕಾಫಿ ಮುಗಿಯುವಷ್ಟರಲ್ಲಿ ಅದನ್ನು ಶಾಲೆಗೆ ಕೊಡುವುದಕ್ಕೆ ಒಪ್ಪಿಸಿದೆ.

ಮ್ಯಾಟ್ ಸಿಕ್ಕಿತು, ಸೂರು? ಆಷಾಢದಲ್ಲಿ ಕೆಲಸವಿಲ್ಲದೆ ಬಿದ್ದಿರುವ ಸೂರು ಯಾರ ಗೋಡೌನಿನಲ್ಲಿದೆ ಎಂದು ನಿಮಗೆ ಆಗಲೇ ಹೊಳೆದಿರಬೇಕು. ನನಗೆ ಹೊಳೆಯಲು ಗುಬ್ಬಿ ಬಸ್ ನಿಲ್ದಾಣದವರೆಗೆ ಬರಬೇಕಾಯಿತು. ಅದೇ ವಾರ ಮರಳೂರಿನ ಶಾಲೆಯ ಮೈದಾನದಲ್ಲಿ ನನ್ನ ತಗಡಿನ ಚಪ್ಪರ ಎದ್ದಿತು. ಕೆಳಗೆ ಹಲಗೆ, ಹಲಗೆಯ ಮೇಲೆ ಮ್ಯಾಟ್. ಚಪ್ಪರದ ಜೊತೆ ಬರುವ ಕೆಂಪು ಜಾಲರ, ಪ್ಲಾಸ್ಟಿಕ್ ತೋರಣಗಳನ್ನು ಕೆಲಸದವರು ಅಭ್ಯಾಸಬಲದಿಂದ ಕಟ್ಟಿಬಿಟ್ಟಿದ್ದರು.

ಗೇಟಿನ ಎದುರು ಆಟೋ ನಿಲ್ಲಿಸಿ ಒಬ್ಬ ಇಣುಕಿದ. "ಏನಕ್ಕ, ಆಷಾಢದಲ್ಲಿ ಯಾರ್ದು ಮದ್ವೆ? ಗಂಡಿನ ಕಡೆಯೋರು ಯಾವೂರೋರು?"

"ಗಂಡೇ ಇಲ್ಲ ಕಣಪ್ಪ. ಎರಡೂ ಕಡೆ ಹುಡ್ಗೀರೇ," ಎಂದೆ. ಅಷ್ಟರಲ್ಲಿ ನಾಲ್ಕು ಹುಡುಗಿಯರು ಒಬ್ಬಳ ಕಾಲು ಹಿಡಿದೆಳೆದು ಮ್ಯಾಟ್ ಮೇಲೆ ಕೆಡವಿದರು. ಅವನು ಆಟೋ ಆಫ್ ಮಾಡಿ ನೋಡುತ್ತಾ ನಿಂತ.

ಶ್ರಾವಣ ಬಂತು. ಕುಣಿಗಲ್ಲಿನ ಮದುವೆಯೊಂದಕ್ಕೆ ಅದೇ ಚಪ್ಪರ ಒಪ್ಪಿಕೊಂಡಿದ್ದೆ. ಪಂದ್ಯಕ್ಕೆ ಇನ್ನೂ ಎಂಟು ದಿನವಿತ್ತು, ಮಳೆ ಬಿಟ್ಟಿರಲಿಲ್ಲ. ಮಗಳು ಏನೂ ಕೇಳಲಿಲ್ಲ. ಕೇಳಿದ್ದರೆ ವಾದ ಮಾಡಬಹುದಿತ್ತು. ಸುಮ್ಮನೆ ಬೆಳ್ಳಾವಿಯಲ್ಲಿರುವ ನನ್ನ ಪ್ರತಿಸ್ಪರ್ಧಿಗೆ ಫೋನು ಹಚ್ಚಿ ಅವನ ಚಪ್ಪರವನ್ನು ಮದುವೆಗೆ ಕೇಳಿದೆ. ಅವನು ಹೇಳಿದ ಬಾಡಿಗೆಗೆ ಆಯ್ತು ಎಂದೆ.

ಅವನಿಗೇ ಗಾಬರಿ. "ಅಕ್ಕ, ಮೈ ಹುಷಾರೈತಾ? ಚೌಕಾಸಿ ಮಾಡಲ್ವಾ?"

"ಮಡಗು ಫೋನು," ಎಂದೆ.

ಹುಡುಗಿಯರು ತಾಲ್ಲೂಕಿನಲ್ಲಿ ಗೆದ್ದರು, ಜಿಲ್ಲೆಯಲ್ಲಿ ಎರಡು ಪಾಯಿಂಟಿನಿಂದ ಸೋತರು. ಈ ಸಲ ಬಸ್ಸಿನಲ್ಲಿ ಯಾರೂ ಅಳಲಿಲ್ಲವಂತೆ, ಅಂಪೈರನ್ನು ಬೈದುಕೊಂಡು ಬಂದರಂತೆ. ನನ್ನ ಲೆಕ್ಕದಲ್ಲಿ ಅದು ಪ್ರಗತಿ.

ಬೇರೆಯವರ ಆಟಕ್ಕೆ ಊರು ಸೂರು ಕಟ್ಟಿಕೊಡಬೇಕೇ ಎಂದು ಈಗಲೂ ಜನ ನನ್ನನ್ನು ಕೇಳುತ್ತಾರೆ. ಕಟ್ಟಲಿ, ಆದರೆ ಸೂರಿಲ್ಲದವರಿಗೆ ಯಾವ ದಿನ ಬೇಕೆಂದು ಮೊದಲು ಅವರ ಬಾಯಲ್ಲೇ ಕೇಳಿ ಬರೆಸಲಿ ಎನ್ನುತ್ತೇನೆ. ಕರಾರು ಬರುವ ವರ್ಷ ಹೊಸದಾಗುತ್ತದೆ. ಸಭೆಗೆ ಯಾವ ಸೀರೆ ಉಡಲಿ ಎಂದು ಮೊನ್ನೆ ಮಗಳನ್ನು ಕೇಳಿದೆ.

"ಈ ಸಲ ನಾನು ಹೋಗ್ತೀನಿ," ಎಂದಳು. "ನೀನು ಮನೇಲಿರು. ಚಪ್ಪರ ಮಾತ್ರ ಬಾಡಿಗೆಗೆ ಕೊಟ್ಬಿಡ್ಬೇಡ, ನಾನು ಬರೋತಂಕ."